ಐದೂ ಬೆರಳು ಬ್ಯಾರೆ ಕಟ್ಟಬೇಕು

ಜುಬೇದಾಬಿಗೆ ಸಿಟ್ಟು ಭಾಳ. ಇದನ್ನ ಮೊದಲ ಹೇಳಿಬಿಡೂದು ಚಲೋ, ಆಮ್ಯಾಲ ಯಾಕ ಹೇಳಲಿಲ್ಲ ಅನ್ನಬ್ಯಾಡ್ರಿ. ಸುರೇಬಾನದ ಮಂದಿ ಆಕಿ ಮನಿ ಕಟ್ಟಿ ಏರೂಕಿಂತ ಮೊದಲ ಬೈಸಿಕೊಳ್ಳಾಕ ತಯಾರಾಗೇ ಬರತಾರ. ಕುಡಗೋಲು ತಾಗಿದ್ದಕ್ಕ ಅರಿಷಿಣ ಮೆತ್ತಿಕೊಂಡು ಬಂದಾಂವಗ ಒಂದು ಬೈಗುಳ. ನಾಯಿ ಕಚ್ಚಿದ್ದಕ್ಕ ಖಾರಪುಡಿ ತುಂಬಿಕೊಂಡು ಬಂದಾಂವಗ ನಾಕು ಬೈಗುಳ. ಸುಟ್ಟಲ್ಲೆ ಟೂತ್‌ಪೇಸ್ಟ್ ಹಚ್ಚಿಕೊಂಡು ಬಂದಾಕಿಗಂತೂ ಅವತ್ತಿನ ದಿನಾ ಪೂರಾ. "ಯಾಕವಾ, ಅಲ್ಲೇನು ಹಲ್ಲು ಮೂಡ್ಯಾವೇನ?" ಅಂತ ಕೇಳತಾಳ.

ಬೈದರೂ ಮಂದಿ ಬರೂದು ಬಿಟ್ಟಿಲ್ಲ. ಯಾಕಂದ್ರ ರಾಮದುರ್ಗದ ಒಂದು ದವಾಖಾನ್ಯಾಗ ಇಪ್ಪತ್ತೆಂಟು ವರ್ಷ ಡ್ರೆಸಿಂಗ್ ಖೋಲ್ಯಾಗ ಆಯಾ ಆಗಿ ದುಡದಾಕಿ ಆಕಿ. ಗಾಯ ನೋಡಿದ ಕೂಡಲೇ ಅದರ ಕುಲ ಗೋತ್ರ ಹೇಳತಾಳ. ಕುಡಗೋಲಿಂದು ಕೊಯ್ದ ಗಾಯ, ರಕ್ತ ಭಾಳ ಬರತೈತಿ, ಅಂಜಸತೈತಿ, ಆದ್ರ ಒಳಗ ಸ್ವಚ್ಛ ಇರತೈತಿ, ಒತ್ತಿ ಹಿಡಿದು ಹೊಲಿಗಿ ಹಾಕಿಸಿದ್ರ ಕೂಡತೈತಿ. ಹತ್ತಿ ಕಟಗಿ ಚುಚ್ಚಿದ್ದು ಹಂಗಲ್ಲ, ಒಂದು ಹನಿ ರಕ್ತ ಕಾಣಂಗಿಲ್ಲ, ಒಳಗ ಹೊಲಸು ಕುಂತು ಕೀವು ಮಾಡತೈತಿ. ಅದಕ್ಕ ಧನುರ್ವಾಯು ಇಂಜೆಕ್ಷನ್ ಬೇಕ ಬೇಕು. ಬೈಕಿನ ಮ್ಯಾಲಿಂದ ಬಿದ್ದು ತರಚಿದ್ದು, ನಾಯಿ ಹರದದ್ದು, ಎಲ್ಲಾ ಬ್ಯಾರೆ ಬ್ಯಾರೆ. ಸುಟ್ಟದ್ದರಾಗೂ ಮೂರು ತರ: ಬರೇ ಕೆಂಪಾದದ್ದು, ಗುಳ್ಳಿ ಎದ್ದದ್ದು, ಬೆಳ್ಳಗೋ ಕರ್ರಗೋ ಆಗಿ ಚರ್ಮಾ ಸತ್ತದ್ದು. "ಮೊದಲಿನೆರಡು ಅಳಸತಾವ, ಮೂರನೇದು ಸುಮ್ಮನ ಇರತೈತಿ" ಅಂತಾಳ. "ಅಳೂ ಗಾಯಕ್ಕ ಅಂಜಬ್ಯಾಡ್ರಿ. ಸುಮ್ಮನಿರೂ ಗಾಯಕ್ಕ ಅಂಜ್ರಿ." ಊರಾಗಿನ ಮಂದಿ ಮನಷ್ಯಾರ ಜಾತಿ ಕೇಳೂದ್ರಾಗ ಶ್ಯಾಣ್ಯಾರು, ಗಾಯದ ಜಾತಿ ಒಂದ ಯಾರೂ ಕೇಳಂಗಿಲ್ಲ ಅಂತ ಆಕಿ ತಕರಾರು.

ಇಷ್ಟೆಲ್ಲಾ ಬಲ್ಲಾಕಿ ಕೈ ಮಾತ್ರ ನೋಡಬಾರದು. ಬಲಗೈಯಾಗಿನ ನಡುಬೆರಳು, ಉಂಗುರಬೆರಳು, ಕಿರಿಬೆರಳು ಮೂರೂ ಒಂದಕ್ಕೊಂದು ಅಂಟಿ, ಅಂಗೈ ಕಡೆ ಬಾಗಿ ಕುಂತಾವು. ಹೆಬ್ಬೆರಳು, ತೋರುಬೆರಳು ಎರಡ ಅದಾವು ಕೆಲಸಕ್ಕ. ಆ ಎರಡು ಬೆರಳು, ಎಡಗೈ, ಹಲ್ಲು, ಇಷ್ಟರಾಗ ಆಕಿ ಪಟ್ಟಿ ಕಟ್ಟಿದ್ರ ಹತ್ತು ಬೆರಳಿನ ನರ್ಸಬಾಯಾರು ಬಾಯಾಗ ಬೆರಳು ಇಟ್ಟು ನೋಡತಿದ್ರು.

ಅದು ಆರು ವರ್ಷದ ಕೂಸಿದ್ದಾಗಿನ ಮಾತು. ಆಕಿ ಅಪ್ಪನ ಮನಿ ಹಿಂದ ಬೆಲ್ಲದ ಗಾಣ. ಗಾಣ ಸುರು ಆದ್ರ ಊರ ಹುಡುಗರೆಲ್ಲಾ ಕಬ್ಬಿನ ತುಂಡು ಹಿಡಕೊಂಡು ಅಲ್ಲೇ ಬೀಳತಿದ್ರು. ಕುದಿಯೂ ಕೊಪ್ಪರಿಗಿ ಅಂಚಿನ್ಯಾಗ ತುಂಡು ಅದ್ದಿ, ಬಿಸಿ ಪಾಕ ಹತ್ತಿಸಿಕೊಂಡು ಚೀಪೂದು. ಜುಬೇದಾನ ಕಾಲು ಜಾರಿತು, ಕೈ ಒಳಗ ಹೋತು. ಆಗ ಓಡಿ ಬಂದಾಕಿ ಗಾಣದ ಮನಿಗೆ ಹೊಸದಾಗಿ ಬಂದಿದ್ದ ಸೊಸಿ. ಗಾಣದಾಗ ಕಬ್ಬಿನ ಹಾಲಿನ ಮಡ್ಡಿ ತಗಿಯಾಕ ಸುಣ್ಣದ ಬಕೀಟು ಯಾವಾಗಲೂ ಇರತೈತಿ. ಮುಳ್ಳು ನಟ್ಟರ, ಕಾಲು ಉಳಕಿದ್ರ ಸುಣ್ಣಾ ಬೆಲ್ಲಾ ಕಲಸಿ ಹಚ್ಚೂದು ನಮ್ಮ ಕಡೆ ಎಲ್ಲಾರೂ ಬಲ್ಲರು. ಪಾಕ ಸಿಡದ್ರೂ ಗಾಣದವರದು ಅದ ಲೆಕ್ಕ: ಬೆಲ್ಲ ಹೆಂಗೂ ಕೈಗೆ ಹತ್ತೇ ಐತಿ, ಮ್ಯಾಲ ಸುಣ್ಣಾ ಬಳದ್ರ ಔಷಧ ಪೂರಾ ಆತು. ಆ ಸೊಸಿ ಹಂಗ ಬಳದ್ಲು. ತನ್ನ ಹೊಸಾ ಸೀರಿ ಸೆರಗು ಹರದು, ಐದೂ ಬೆರಳು ಒಟ್ಟಿಗೆ ಸೇರಿಸಿ, ಬೆಚ್ಚಗ ಕಟ್ಟಿದ್ಲು. ತಿಂಗಳಾದ ಮ್ಯಾಲ ಬಿಚ್ಚಿದಾಗ ಮೂರು ಬೆರಳು ಒಂದಾಗಿದ್ದುವು.

ಇಪ್ಪತ್ತನೇ ವಯಸ್ಸಿಗೆ ಮುರಗೋಡದ ಕಡೆ ಒಂದು ಹಳ್ಳಿಗೆ ಲಗ್ನ ಮಾಡಿ ಕೊಟ್ರು. ಹೋದ ಮೂರನೇ ದಿನ ಅತ್ತಿ ಹಿಟ್ಟು ಮುಂದಿಟ್ಟು, "ರೊಟ್ಟಿ ಬಡಿ" ಅಂದ್ಲು. ಜೋಳದ ರೊಟ್ಟಿ ಬಡಿಯಾಕ ಅಂಗೈ ಚಪ್ಪಟಿ ಆಗಬೇಕು, ಬೆರಳು ಬಿಚ್ಚಬೇಕು. ಜುಬೇದಾನ ಬಾಗಿದ ಬೆರಳು ಹಿಟ್ಟಿನ್ಯಾಗ ಊರಿ ರೊಟ್ಟಿ ತುಂಬ ತೂತು. ಅತ್ತಿ ಆ ರೊಟ್ಟಿನ ಎತ್ತಿ ಹಿಡಿದು, ತೂತಿನ್ಯಾಗಿಂದ ಓಣಿ ಹೆಂಗಸರ ಮಾರಿ ನೋಡಿ ನಕ್ಕು, ನಾಯಿಗೆ ಒಗದ್ಲು. ಮೂರು ತಿಂಗಳಿಗೆ ಜುಬೇದಾ ತವರಿಗೆ ತಿರುಗಿ ಬಂದ್ಲು. ಅವತ್ತಿನಿಂದ ಯಾರ ಮುಂದೂ ಆಕಿ ರೊಟ್ಟಿಗೆ ಕುಂತಿಲ್ಲ. ಅಣ್ಣ ಚಮನಸಾಬನ ಮನ್ಯಾಗೂ ಚಪಾತಿ ಲಟ್ಟಿಸತಾಳ, ರೊಟ್ಟಿ ಬಡಿಯಂಗಿಲ್ಲ.

ಊರು ಅಂತಿತ್ತು, ಪಾಪ, ಹಣೇಬರಾ. ಆಕಿನೂ ಹಂಗ ಅಂದಕೊಂಡಿದ್ಲು. ದವಾಖಾನ್ಯಾಗ ಕಸಾ ಹೊಡಿಯಾಕ ಸೇರಿದ ವರ್ಷ ಒಬ್ಬ ಡಾಕ್ಟರು ಆಕಿ ಕೈ ಹಿಡಿದು ತಿರುವಿ ನೋಡಿ, "ಬೆಂಕಿ ನಿನ್ನ ಕೈ ಹಿಂಗ ಮಾಡಿಲ್ಲವಾ" ಅಂದ್ರು. "ಐದೂ ಬೆರಳು ಬ್ಯಾರೆ ಬ್ಯಾರೆ ಕಟ್ಟಿದ್ರ, ದಿನಾ ಬಿಚ್ಚಿ ಆಡಿಸಿದ್ರ, ಇವು ಹಿಂಗ ಆಗತಿದ್ದಿಲ್ಲ." ಆವತ್ತು ಜುಬೇದಾಬಿ ಕಸಬರಗಿ ಗ್ವಾಡಿಗೆ ನಿಂದರಿಸಿ ಪಾಯಖಾನಿ ಹಿಂದ ಹೋಗಿ ಅತ್ತಳು. ದುಃಖಕ್ಕ ಅಲ್ಲರಿ, ಸಿಟ್ಟಿಗೆ. ಹಣೇಬರಾ ಅಂದ್ರ ಯಾರ ಮ್ಯಾಲೂ ಸಿಟ್ಟು ಮಾಡಾಕ ಬರಂಗಿಲ್ಲ. ತಪ್ಪು ಅಂದ್ರ ಬರತೈತಿ.

ಆ ಹೊಸಾ ಸೊಸಿ ಅಂದೆನಲ್ಲಾ, ಆಕಿ ಹೆಸರು ಶಟ್ಟೆವ್ವ. ಈಗ ಎಪ್ಪತ್ತು ದಾಟಿದ ಮುದುಕಿ, ಗಾಣದ ಮನಿ ಯಜಮಾನಿ. ಇಬ್ಬರ ಮನಿ ನಡುವ ಒಂದ ಗ್ವಾಡಿ. ಐವತ್ತು ವರ್ಷ ಮಜ್ಜಿಗಿ ಹೋತು, ಈದಿನ ಸುರಕುರಮಾ ಬಂತು, ಆ ಕೈ ಮಾತು ಒಂದ ದಿನ ಎತ್ತಲಿಲ್ಲ ಇಬ್ಬರೂ.

ಹೋದ ವರ್ಷ ಸಂಕ್ರಾಂತಿ ಮುಗದು ಎಂಟು ದಿನ ಆಗಿತ್ತು. ಗಾಣ ಜೋರಿತ್ತು. ಜುಬೇದಾಬಿ ಹಿತ್ತಲದಾಗ ಅರಿವಿ ಒಣ ಹಾಕಾಕ ಹತ್ತಿದ್ಲು. ಗಾಣದ ಕಡಿಂದ ಕೂಸು ಚೀರಿದ್ದು ಕೇಳಿತು. ಅಂಥಾ ಚೀರಾಟ ಆಕಿ ದವಾಖಾನ್ಯಾಗ ಸಾವಿರ ಕೇಳ್ಯಾಳ. ಆದ್ರ ಬೆಲ್ಲದ ವಾಸನಿ ಜೋಡಿ ಒಂದ ಸಲ ಕೇಳಿದ್ಲು, ಅದೂ ತನ್ನ ಬಾಯಿಂದ. ಹಸಿ ಅರಿವಿ ಅಲ್ಲೇ ಒಗದು, ಐವತ್ತಾರು ವರ್ಷದಾಕಿ, ಗ್ವಾಡಿ ಜಿಗದ್ಲು ನೋಡ್ರಿ.

ಒಂಬತ್ತು ವರ್ಷದ ಶೀತಲ, ಶಟ್ಟೆವ್ವನ ಮೊಮ್ಮಗಳು. ಅದ ಕಬ್ಬಿನ ತುಂಡು, ಅದ ಕೊಪ್ಪರಿಗಿ. ಬಲಗೈಗೆ ಮಣಿಕಟ್ಟಿನ ತನಕ ಪಾಕ ಹತ್ತಿತ್ತು. ಅಪ್ಪ ಕಲ್ಮೇಶ ಮಗಳನ್ನ ಹಿಡಕೊಂಡು ನಿಂತಿದ್ದ. ಶಟ್ಟೆವ್ವ ಬಕೀಟಿನ್ಯಾಗಿಂದ ಸುಣ್ಣಾ ಬೊಗಸಿ ತುಂಬ ತಗೊಂಡು ಬರಾಕ ಹತ್ತಿದ್ಲು, ಒಂದು ಮೆತ್ತು ಆಗಲೇ ಹುಡುಗಿ ಕಿರಿಬೆರಳಿನ ಮ್ಯಾಲ ಬಿದ್ದಿತ್ತು.

ಜುಬೇದಾಬಿ ಮುದುಕಿ ಕೈ ಮ್ಯಾಲ ಫಟ್ಟನ ಹೊಡದ್ಲು. ಸುಣ್ಣಾ ನೆಲಕ್ಕ ಬಿತ್ತು. ಬಕೀಟಿಗೆ ಒಂದು ಝಾಡಿಸಿ ಒದ್ದಳು, ಅದೂ ಉರುಳಿತು. "ನೀರು! ಪೈಪು ತಾ ಇಲ್ಲೆ!"

"ನೀರು ಹಾಕಿದ್ರ ಗುಳ್ಳಿ ಏಳತಾವ!" ಅಂತ ಶಟ್ಟೆವ್ವ ಚೀರಿದ್ಲು.

"ಎದ್ದರ ಏಳಲಿ! ಗುಳ್ಳಿ ಎದ್ದರ ಇಳೀತಾವ, ಬೆರಳು ಹೋದ್ರ ನೀ ಕೊಡತೀ ಏನ?"

ಕೊಳವಿ ಬಾವಿ ಪೈಪು ಹಿಡಿದು, ಹುಡುಗಿ ಕೈ ಅದರ ಕೆಳಗ ಇಟ್ಟಳು. ಊತಕ್ಕ ಬಿಗಿದುಕೊಳ್ಳೂಕಿಂತ ಮೊದಲ ಗಾಜಿನ ಬಳಿ ಒಂದೊಂದ ಒಡದು ತಗದ್ಲು, ಬೆಳ್ಳಿ ಉಂಗರಾ ತಗದ್ಲು. ಹತ್ತಿದ ಪಾಕ ಉಗರಿಲೆ ಕೆತ್ತಲಿಲ್ಲ. ಬೆಲ್ಲ ಅಲ್ಲೇನ್ರಿ ಅದು, ನೀರಾಗ ತಾನ ಕರಗಿ ಹೋತು, ಸುಣ್ಣಾನೂ ಅದರ ಜೋಡಿ ಹರದು ಹೋತು. "ಕಲ್ಮೇಶಾ, ಮೊಬೈಲ್ ತಗಿ, ಟೈಮ್ ನೋಡು. ಇಪ್ಪತ್ತು ಮಿನಿಟು ಆಗೂತನಕ ಯಾರರ ಈ ಪೈಪು ಮುಟ್ಟಿದ್ರ ಖಬರದಾರ." ಮಂದಿ ಕೂಡಿತು. ಹುಚ್ಚಿ ಅಂದ್ರು, ಕೂಸಿಗೆ ನೆಗಡಿ ಬರತೈತಿ ಅಂದ್ರು, ಐಸು ತರೂನೇನು ಅಂದ್ರು. "ಐಸೂ ಬ್ಯಾಡ, ನಿಮ್ಮ ಶ್ಯಾಣ್ಯಾತನಾನೂ ಬ್ಯಾಡ" ಅಂದ್ಲು. ಆಮ್ಯಾಲ ಒಗದ ಬಿಳಿ ದೋತರ ಸಡ್ಲಾಗಿ ಸುತ್ತಿ, ಅಣ್ಣನ ಮಗ ಸಾಜಿದನ ಟೆಂಪೋದಾಗ ಹಾಕಿಕೊಂಡು ರಾಮದುರ್ಗಕ್ಕ ಹೋದ್ಲು. ಶೀತಲನ ಅವ್ವ ಮಹಾನಂದಾ ದಾರಿ ತುಂಬ ಜುಬೇದಾಬಿ ಅಂಟಿದ ಬೆರಳನ್ನೇ ನೋಡಕೊಂತ ಕುಂತಿದ್ಲು.

ಡಾಕ್ಟರು ನೋಡಿದ್ರು. ಕೈ ಹಿಂದ ಗುಳ್ಳಿ, ಅದು ಮಾಯತೈತಿ ಅಂದ್ರು. ಆದ್ರ ಕಿರಿಬೆರಳು ಉಂಗುರಬೆರಳಿನ ಸಂದಿನ್ಯಾಗ ಒಂದು ರೂಪಾಯಿಯಷ್ಟಗಲ ಬೆಳ್ಳಗಾಗಿತ್ತು, ಮುಟ್ಟಿದ್ರ ಹುಡುಗಿಗೆ ಗೊತ್ತಾಗತಿದ್ದಿಲ್ಲ. "ಇದ ನೋಡ್ರಿ ಆಳದ್ದು. ಮಾಯುವಾಗ ಚರ್ಮಾ ಎಳೀತೈತಿ. ಬೆರಳ ನಡುವ ಪಟ್ಟಿ ಬ್ಯಾರೆ ಬ್ಯಾರೆ ಇರಬೇಕು, ಕೈ ಚಪ್ಪಟಿ ಇಟ್ಟು ಕಟ್ಟಬೇಕು, ದಿನಾ ಆಡಿಸಬೇಕು. ಇಲ್ಲಂದ್ರ ಅಂಟಕೊಂತಾವ." ಎರಡು ದಿನಕ್ಕೊಮ್ಮೆ ಇಲ್ಲೆ ತೋರಸ್ರಿ, ಆಡಸೂದು ಮನ್ಯಾಗ ಜುಬೇದಾಬಿ ನೋಡಕೊಳ್ಳಲಿ ಅಂದ್ರು.

ಆಡಸೂದು ಅಂದ್ರ ಆಟ ಅಲ್ಲ. ಒಂದೊಂದು ಬೆರಳು ಹಿಡಿದು ಬಾಗಿಸಿ, ನೆಟ್ಟಗ ಮಾಡಿ, ಅಗಲಿಸಿ. ಹುಡುಗಿ ಓಣಿ ತುಂಬ ಕೇಳೂ ಹಂಗ ಅಳೂದು. "ಆಪಾ, ಬಿಡ್ರಿ! ಆಪಾ, ಸಾಯತೇನಿ!" ಅಂತಿತ್ತು. ಜುಬೇದಾಬಿ ಕಣ್ಣಾಗೂ ನೀರು, ಆದ್ರ ಕೈ ಬಿಡತಿದ್ದಿಲ್ಲ. "ಅಳು, ಜೋರ ಅಳು. ಬೇಕಾದ್ರ ನನಗ ಬೈಯಿ. ಬೆರಳು ಮಾತ್ರ ಬಿಚ್ಚು."

ನಾಕನೇ ದಿನ ಶಟ್ಟೆವ್ವ ಬಾಗಲದಾಗ ಅಡ್ಡ ನಿಂತ್ಲು. "ಸಾಕವಾ ತಾಯಿ ನಿನ್ನ ಉಪಚಾರ. ನನ್ನ ಗಾಣದಾಗ ಸುಣ್ಣಾ ಒದ್ದೀ, ನನ್ನ ಕೈ ಮ್ಯಾಲ ಹೊಡದೀ, ನುಂಗಿಕೊಂಡೆ. ಈಗ ಕೂಸಿಗೆ ಹಿಂಸಿ ಕೊಡಾಕ ಹತ್ತೀ. ಮಕ್ಕಳನ್ನ ಹಡದಿದ್ರ ಗೊತ್ತಾಗತಿತ್ತು ನಿನಗ. ನಮ್ಮ ಮನಿ ಹೊಸ್ತಲಾ ತುಳಿಬ್ಯಾಡ."

ಆ ಮಾತು ಎಲ್ಲೆ ನಟ್ಟಿತು ಅಂತ ಬ್ಯಾರೆ ಹೇಳಬೇಕೇನ್ರಿ? ಮಕ್ಕಳು ಯಾಕ ಆಗಲಿಲ್ಲ, ಸಂಸಾರ ಯಾಕ ಮುರೀತು, ಅದರ ಬೇರು ಈ ಮುದುಕಿ ಕೈಯಾಗ ಇತ್ತು. ಜುಬೇದಾಬಿ ಹಿಂದಕ್ಕ ಸರದ್ಲು. "ಹೊಸ್ತಲಾ ತುಳಿಯಂಗಿಲ್ಲ. ಕಟ್ಟಿ ಮ್ಯಾಲ ಕುಂತಿರತೇನಿ. ಕಟ್ಟಿ ನಿಂದಲ್ಲ, ಪಂಚಾಯತಿ ರಸ್ತೇದ ಮ್ಯಾಲ ಐತಿ" ಅಂದು, ಅಲ್ಲೇ ಕುಂತ್ಲು. ಮರುದಿನಾನೂ ಬಂದು ಕುಂತ್ಲು. ಹೋಗೂ ಬರೂ ಮಂದಿ, "ಯಾಕ ಜುಬೇದವ್ವಾ, ಇಲ್ಲೆ?" ಅಂದ್ರ, "ಊರಿಗೆ ಬಂದಾಕಿ ನೀರಿಗೆ ಬರದಂಗ ಇರತಾಳೇನ? ಕಾಯಾಕ ಹತ್ತೇನಿ" ಅಂತಿದ್ಲು.

ಎರಡನೇ ದಿನ ಸಂಜೀಮುಂದ ಬಾಗಲಾ ತಗದಾಕಿ ಮಹಾನಂದಾ. ಮಾರಿ ಬಿಳಚಿತ್ತು. ಆಕಿ ನಿನ್ನೆ ಮುಂಜಾನಿ ಹೊಲಕ್ಕ ಹೋದಾಗ ಅತ್ತಿ ಪಟ್ಟಿ ಎಲ್ಲಾ ಬಿಚ್ಚಿ, ತುಪ್ಪಾ ಅರಿಷಿಣಾ ಹಚ್ಚಿ, ಐದೂ ಬೆರಳು ಸೇರಿಸಿ ಮೆತ್ತಗಿನ ಅರಿವಿಲೆ ಗಂಟು ಕಟ್ಟಿದ್ದಳು. ಕೂಸು ಅಳೂದು ಬಿಟ್ಟು ಮಲಗಿತ್ತು. ಹುಡುಗಿಗೆ ಆರಾಮ ಆತು ಅಂತ ಕಲ್ಮೇಶನೂ ಸುಮ್ಮನಿದ್ದ. ಇವತ್ತು ಆ ಗಂಟಿನ ನಾತ ಮಹಾನಂದಾನ ಮೂಗಿಗೆ ಬಡದಿತ್ತು. "ಒಳಗ ಬರ್ರಿ ಆಪಾ" ಅಂದ್ಲು. ಹಿಂದಿಂದ ಅತ್ತಿ, "ಯಾರನ್ನ ಕೇಳಿ ಕರದೀ?" ಅಂದ್ರ, ಹತ್ತು ವರ್ಷ ಎದುರು ಮಾತಾಡದಾಕಿ ತಿರುಗಿ ನಿಂತು, "ನನ್ನ ಕೇಳಿ. ಹಡದಾಕಿ ನಾನು" ಅಂದ್ಲು.

ಜುಬೇದಾಬಿ ಹೊಸ್ತಲಾ ದಾಟಿದ್ಲು. ಗಂಟು ಜಗ್ಗಲಿಲ್ಲ, ಜಗ್ಗಿದ್ರ ಹೊಸ ಚರ್ಮಾ ಕಿತ್ತು ಬರತೈತಿ. ಕುದಿಸಿ ಆರಿಸಿದ ನೀರು ಹನಿ ಹನಿ ಹಾಕಿ ಅರ್ಧಾ ತಾಸು ನೆನೆಸಿದ್ಲು. ಅರಿವಿ ತಾನ ಬಿಟ್ಟಿತು. ಕಿರಿಬೆರಳು ಉಂಗುರಬೆರಳಿನ ನಡುವ ಹಸೀ ಚರ್ಮಾ ಒಂದಕ್ಕೊಂದು ಹತ್ತಾಕ ಸುರು ಮಾಡಿತ್ತು, ಸಂದಿನ್ಯಾಗ ಕೀವು ಕಾಣತಿತ್ತು. ನೋಡಿದ ಕೂಡಲೇ ಜುಬೇದಾಬಿ ತಲಿಗೆ ರಕ್ತ ಏರಿತು. ಎದ್ದು ಹೋಗಿ ಶಟ್ಟೆವ್ವನ ಮಾರಿ ಮುಂದ ತನ್ನ ಬಲಗೈ ಚಾಚಿದ್ಲು.

"ನೋಡು. ಐವತ್ತು ವರ್ಷ ಆತು, ಈ ಕೈ ಒಂದ ಸಲಾನೂ ನೆಟ್ಟಗ ನೋಡಿಲ್ಲ ನೀ. ಮಜ್ಜಿಗಿ ಗಿಂಡಿ ಕೊಡುವಾಗೂ ಕಣ್ಣು ಅತ್ಲಾಗ ಮಾಡತೀ. ಇವತ್ತು ನೋಡು."

ಶಟ್ಟೆವ್ವ ಗ್ವಾಡಿ ಕಡೆ ಮಾರಿ ಮಾಡಿದ್ಲು. "ನಾ ಕೆಟ್ಟದ್ದು ಬಯಸಿ ಮಾಡಿಲ್ಲ."

"ಕೆಟ್ಟದ್ದು ಬಯಸಿದ್ದಿ ಅಂತ ಯಾರಂದ್ರು? ಹೊಸಾ ಸೀರಿ ಹರದು ಕಟ್ಟಿದಿ, ನನಗ ನೆನಪೈತಿ. ಹಸರು ಸೀರಿ. ಮಾಯಾ ಮಮತಿ ಮಾಡೇ ಕಟ್ಟಿದಿ. ಆ ಮಾಯಾದಿಂದನ ಹೋತು ನನ್ನ ಕೈ!"

ಮುದುಕಿ ಕುಸದು ಕುಂತ್ಲು. "ಸುಣ್ಣಾ ತಪ್ಪು ಅಂತ ಒಪ್ಪಿದ್ರ, ನಿನ್ನ ಬಾಳೇ ನಾ ಸುಟ್ಟಂಗ ಆತಲ್ಲ ಜುಬೇದಾ" ಅಂದ್ಲು. "ಹೆಂಗ ಒಪ್ಪಲಿ?" ಅಂತ ಸೆರಗು ಬಾಯಾಗ ಇಟಗೊಂಡು ಅತ್ತಳು. "ಮಾಫ್ ಮಾಡವಾ."

ಇಲ್ಲೆ ಜುಬೇದಾಬಿನೂ ಅತ್ತು, ಇಬ್ಬರೂ ತಬ್ಬಿಕೊಂಡ್ರು ಅಂತ ಹೇಳಿದ್ರ ಕೇಳಾಕ ಚಂದ. ಹಂಗೇನೂ ಆಗಲಿಲ್ಲ. "ಮಾಫಿ ಆಮ್ಯಾಲ ನೋಡೂನು" ಅಂದ್ಲು ಆಕಿ. "ನಿನ್ನ ಅಳೂದರಿಂದ ನನ್ನ ಬೆರಳು ಬಿಡಂಗಿಲ್ಲ. ಈಕಿವು ಇನ್ನೂ ಬಿಡತಾವ. ಏಳು. ಈಗ ದವಾಖಾನಿಗೆ ನೀನೂ ನಡಿ. ನಾಳಿಂದ ಬೆರಳು ಆಡಸಾಕಿ ನೀನ. ಕೂಸು ಅಳತೈತಿ, ನಿನ್ನ ಹೊಟ್ಟಿ ಸುಡತೈತಿ, ಸುಡಲಿ. ಕೈ ಬಿಟ್ಟಿ ಅಂದ್ರ ನಾ ನಿನ್ನ ಬಿಡಂಗಿಲ್ಲ."

ಸಾಜಿದನ ಟೆಂಪೋ ಮತ್ತ ಹೊಂಟಿತು. ಡಾಕ್ಟರು ಬೆರಳು ಬಿಡಿಸಿ, ಸ್ವಚ್ಛ ಮಾಡಿ, ಔಷಧ ಬದಲಿಸಿ, ಇನ್ನೆರಡು ದಿನ ತಡಾ ಆಗಿದ್ರ ಬೆಳಗಾವಿಗೆ ಕಳಿಸಿ ಕೊಯ್ಯಿಸಬೇಕಾಗತಿತ್ತು ಅಂತ ಶಟ್ಟೆವ್ವನ ಮಾರಿ ನೋಡೇ ಹೇಳಿದ್ರು. ಮರುದಿನದಿಂದ ದಿನಾ ಮೂರು ಹೊತ್ತು ಅಜ್ಜಿ ಮೊಮ್ಮಗಳು ಎದುರಾಎದುರು ಕುಂದರೂದು, ಬಾಜೂಕ ಜುಬೇದಾಬಿ ಸಾಲಿ ಮಾಸ್ತರ ಹಂಗ. ಅಜ್ಜಿ ಕೈ ಸಡ್ಲಾದ್ರ, "ಇನ್ನೂ ಹಿಂದಕ!" ಅಂತ ಗದರಿಸೂದು. ಶೀತಲ ಅಳೂದು, ಶಟ್ಟೆವ್ವನೂ ಅಳೂದು, ಬೆರಳು ಮಾತ್ರ ದಿನಾ ಒಂದು ಜೋಳದ ಕಾಳಿನಷ್ಟು ಜಾಸ್ತಿ ಬಿಚ್ಚೂದು. ಮೂರು ವಾರಕ್ಕ ಗಾಯ ಕೂಡಿತು. ಆಮ್ಯಾಲೂ ಬಿಡಲಿಲ್ಲ, ಚರ್ಮಾ ಎಳಿಯೂದು ಆಗ ಸುರು ಅಂತ ರಾತ್ರಿ ಕೈಗೆ ಹಲಗಿ ಕಟ್ಟಿ ಮಲಗಿಸಿದ್ರು. ಕಲ್ಮೇಶ ಯಾರೂ ಹೇಳದಿದ್ರೂ ಗಾಣದಾಗ ಕೊಪ್ಪರಿಗಿ ಬಾಜೂಕ ಒಂದು ನಳಾ ಹಚ್ಚಿಸಿದ. ಸುಣ್ಣದ ಬಕೀಟು ಅಲ್ಲಿಂದ ಹತ್ತು ಮಾರು ದೂರ ಹೋತು.

ಕಾರಹುಣ್ಣಿವಿ ಹಿಂದಿನ ದಿನ ಮಹಾನಂದಾ ಕರಿಯಾಕ ಬಂದ್ಲು. ಅಡಗಿ ಮನ್ಯಾಗ ಒಲಿ ಮುಂದ ಶೀತಲ ಕುಂತಿದ್ಲು. ಕಿರಿಬೆರಳಿನ ಬುಡಕ್ಕ ಗುಲಾಬಿ ಬಣ್ಣದ ಗುರುತು, ಅಷ್ಟ. "ಆಪಾ, ನೋಡ್ರಿ" ಅಂದು ಹಿಟ್ಟಿನುಂಡಿ ಇಟ್ಟು ಅಂಗೈ ಚಪ್ಪಟಿ ಮಾಡಿ ಬಡಿಯಾಕ ಸುರು ಮಾಡಿದ್ಲು. ಪಟಪಟ ಪಟಪಟ. ರೊಟ್ಟಿ ಏನು ದುಂಡಗಾಗಲಿಲ್ಲ, ಬೆಳಗಾವಿ ಜಿಲ್ಲಾದ ನಕಾಶಿ ಆದಂಗಾತು. ಆದ್ರ ಅದರ ಮ್ಯಾಲ ಐದೂ ಬೆರಳಿನ ಗುರುತು ಬ್ಯಾರೆ ಬ್ಯಾರೆ ಮೂಡಿತ್ತು. ಜುಬೇದಾಬಿ ಅದನ್ನ ಎರಡು ಸಲ ಎಣಿಸಿದ್ಲು.

"ಅಬ್ಬಾ, ಇನ್ನ ಇದರ ಲಗ್ನದ ಚಿಂತಿಲ್ಲ" ಅಂದ್ಲು ಶಟ್ಟೆವ್ವ.

"ಲಗ್ನಕ್ಕಲ್ಲ!" ಜುಬೇದಾಬಿ ಸಿಟ್ಟು ಮತ್ತ ನೆತ್ತಿಗೇರಿತು. "ಕೈ ಆಕಿದು, ಆಕಿಗೆ ಬೇಕು. ನಾಳೆ ರೊಟ್ಟಿರ ಬಡಿಯಲಿ, ಟ್ರ್ಯಾಕ್ಟರ್ ಸ್ಟೇರಿಂಗರ ಹಿಡಿಯಲಿ, ನಿನ್ನಂಥಾಕಿ ಕೈ ಮ್ಯಾಲ ಹೊಡಿಯಾಕರ ಎತ್ತಲಿ!"

ಶೀತಲ ನಕ್ಕು ಹಿಟ್ಟು ಹತ್ತಿದ ಐದೂ ಬೆರಳು ಅಗಲಿಸಿ ಅಜ್ಜಿ ಮಾರಿ ಮುಂದ ಹಿಡಿದು, "ಸಾಕು ಆಯಿ, ಸುಮ್ಮನಿರು" ಅಂದ್ಲು. ಆಮ್ಯಾಲ ಸರದು ಜಾಗಾ ಮಾಡಿ, "ಆಪಾ, ನೀವೂ ಒಂದು ಬಡೀರಿ" ಅಂದ್ಲು. ಕೂಸಿಗೇನು ಗೊತ್ತು? ಜುಬೇದಾಬಿ ಏಳಬೇಕಂತ ಮಾಡಿದ್ಲು. ಆಮ್ಯಾಲ ಏನು ತಿಳೀತೋ, ಹಟಕ್ಕ ಬಿದ್ದಾಕಿ ಹಂಗ ತೋಳು ಏರಿಸಿ ಒಲಿ ಮುಂದ ಕುಂತ್ಲು. ಮೂವತ್ತಾರು ವರ್ಷದ ಮ್ಯಾಲ ರೊಟ್ಟಿ ಹಿಟ್ಟು ಮುಟ್ಟಿದ್ಲು. ಬಡದ್ಲು. ಬಾಗಿದ ಬೆರಳು ಊರಿದಲ್ಲೆಲ್ಲಾ ತೂತು ಬಿತ್ತು. ಹಂಚಿನ ಮ್ಯಾಲ ಬೇಯಿಸಿ, ತಗದು, ಯಾರ ಮಾರಿನೂ ನೋಡದಂಗ ಬುಟ್ಟಿಗೆ ಹಾಕಿದ್ಲು.

ಶಟ್ಟೆವ್ವ ಗಂಗಾಳ ತಗೊಂಡು ಬಂದು ಎದುರಿಗೆ ಕುಂತ್ಲು. ಬುಟ್ಟ್ಯಾಗ ಕೈ ಹಾಕಿ, ಮೊಮ್ಮಗಳ ರೊಟ್ಟಿ ಬಾಜೂಕ ಸರಿಸಿ, ತೂತು ಬಿದ್ದ ರೊಟ್ಟಿ ಎತ್ತಿಕೊಂಡ್ಲು.

"ಅದು ತೂತು ಬಿದ್ದೈತಿ" ಅಂದ್ಲು ಜುಬೇದಾಬಿ.

"ತೂತು ಹಾಕಿದಾಕಿ ನಾನು" ಅಂದ್ಲು ಶಟ್ಟೆವ್ವ. "ನಾನ ತಿನ್ನಬೇಕು."

ಜುಬೇದಾಬಿ ಆಕಿನ್ನ ಒಂದು ಚಣ ನೋಡಿದ್ಲು. "ಹಂಗಾರ ಪೂರಾ ತಿನ್ನು" ಅಂದು, ಪುಂಡಿಪಲ್ಯಾ ಆಕಿ ಗಂಗಾಳಕ್ಕ ನೀಡಿದ್ಲು. ಶಟ್ಟೆವ್ವ ಹಲ್ಲಿಲ್ಲದ ಬಾಯಾಗ ಚೂರು ಚೂರು ಮುರದು, ಒಂದು ತುಣುಕೂ ಬಿಡದ ತಿಂದ್ಲು.